ಗೂಬೆಯ ಎಡಗಣ್ಣು

ಜೂನ್ ೯, ಭಾನುವಾರ

ನನ್ನ ಗೂಬೆಯ ತಲೆಯನ್ನು ಯಾರೋ ಹಾಕಿಕೊಂಡು ನೋಡಿದ್ದಾರೆ.

ಸುಮ್ಮನೆ ಹೇಳುತ್ತಿಲ್ಲ. ಗದ್ದದ ಪಟ್ಟಿಯನ್ನು ನಾನು ಯಾವಾಗಲೂ ಕೊನೆಯ ತೂತಿಗೆ ಸಿಕ್ಕಿಸುವವಳು. ನನ್ನ ಮುಖ ಅಗಲ, ಒಪ್ಪಿಕೊಳ್ಳುತ್ತೇನೆ. ಇವತ್ತು ಬೆಳಿಗ್ಗೆ ಅದು ಹಿಂದಿನ, ಬಿಗಿಯಾಗುವ ತೂತಿನಲ್ಲಿತ್ತು. ಪಟ್ಟಿಗೇನು ಕಾಲಿದೆಯೇ, ತಾನಾಗಿ ನಡೆದುಕೊಂಡು ಹೋಗಲು? ಹಲ್ಲಿನ ಲ್ಯಾಬಿನಲ್ಲಿ ಕೂತು ಊರವರ ಬಾಯಿಗೆಲ್ಲ ಹಲ್ಲುಸೆಟ್ಟು ಮಾಡಿಕೊಟ್ಟವಳು ನಾನು. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಕಚ್ಚುವವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ಅದಕ್ಕೇ ಈ ದಿನಚರಿ. ಬಾಯಿಮಾತನ್ನು ನಂಬಿದರೆ ಏನಾಗುತ್ತದೆಂದು ಕಳೆದ ವರ್ಷ ಗೋಂದು ಕಲಿಸಿಕೊಟ್ಟಳು. ಗೋಂದು ನನ್ನ ಹಳೆಯ ಜೊತೆಗಾತಿ. ಬೆರಳಿಗೆಲ್ಲ ಸದಾ ಅಂಟು ಮೆತ್ತಿಕೊಂಡಿರುವುದರಿಂದ ಆ ಹೆಸರು. ಇಬ್ಬರೂ ಸೇರಿ ರೆಕ್ಕೆ ಬಡಿಯುವ ವೇಷ ಕಟ್ಟಿದೆವು. ವೇದಿಕೆಯ ಮೇಲೆ ಮೈಕು ಕೈಗೆ ಸಿಕ್ಕಿದ್ದೇ ತಡ, 'ನಾನು ಕಟ್ಟಿದ್ದು, ನಾನು ಮಾಡಿದ್ದು' ಎಂದಳು. ನಾನು ಕೆಳಗೆ ಅವಳ ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ. ಅವತ್ತಿನಿಂದ ಮಾತು ಬಿಟ್ಟಿದ್ದೇನೆ.

ಈ ವರ್ಷ ನಾನೊಬ್ಬಳೇ. ಕಾಸ್‌ಪ್ಲೇ ಎಂಬ ವೇಷಗಳ ಸ್ಪರ್ಧೆ ಆಗಸ್ಟ್‌ನ ಕೊನೆಯ ಭಾನುವಾರ. ಆಳೆತ್ತರದ ಗೂಬೆ. ಕಿವಿಯ ಗರಿ ನಿಮಿರುತ್ತದೆ, ರೆಕ್ಕೆ ಬಿಚ್ಚುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣು ಮುಚ್ಚಿ ತೆರೆಯುತ್ತದೆ. ಅದೂ ರಿಮೋಟಿನಿಂದಲ್ಲ, ಒಳಗಿರುವವರ ಮುಖದಿಂದಲೇ. ತಲೆಯೊಳಗೆ ಕೆನ್ನೆಗೊಂದರಂತೆ ಸ್ಪಂಜಿನ ಮೆತ್ತೆ, ಅದರ ಹಿಂದೆ ಸೆನ್ಸರು. ಬಲಗಣ್ಣನ್ನು ಬಿಗಿಯಾಗಿ ಮುಚ್ಚಿದರೆ ಬಲಗೆನ್ನೆ ಎದ್ದು ಮೆತ್ತೆಯನ್ನು ಒತ್ತುತ್ತದೆ, ಮೋಟಾರು ತಿರುಗಿ ಗೂಬೆಯ ಬಲರೆಪ್ಪೆ ಇಳಿಯುತ್ತದೆ. ಎಡಕ್ಕೆ ಎಡ. ರೆಪ್ಪೆಗಳನ್ನು ಹಲ್ಲು ಮಾಡುವ ಅಕ್ರಿಲಿಕ್‌ನಲ್ಲೇ ಎರಕ ಹೊಯ್ದು ಪಾಲಿಶ್ ಮಾಡಿದ್ದೇನೆ. ಗೋಂದು ಇಂಥದ್ದನ್ನು ಕನಸಿನಲ್ಲೂ ಕಂಡಿರಲಾರಳು. ಕಾಣಲೂ ಬಾರದು.

ಮನೆಯಲ್ಲಿರುವವರು ಮೂರೇ ಜನ: ನಾನು, ಬಸ್ಸು ಓಡಿಸುವ ನನ್ನ ಗಂಡ, ಏಪ್ರಿಲ್‌ನಿಂದ ನಮ್ಮ ಜೊತೆಗಿರುವ ನಾದಿನಿ. ನೋಡೋಣ, ಎಲ್ಲಿಗೆ ಹೋಗುತ್ತಾರೆ.

ಜೂನ್ ೧೩, ಗುರುವಾರ

ಈ ಸಲ ಗುಂಡಿ.

ತಲೆಯ ಹಿಂದೆ, ಗರಿಯ ಕೆಳಗೆ ಎರಡು ಗುಂಡಿಗಳಿವೆ, ಹಳೆಯ ರೇಡಿಯೋದ ಗುಂಡಿಗಳ ಹಾಗೆ. ಎಷ್ಟು ಸಣ್ಣ ಒತ್ತಡಕ್ಕೆ ರೆಪ್ಪೆ ಓಗೊಡಬೇಕೆಂದು ಅದರಲ್ಲಿ ಹೇಳುವುದು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಎರಡನ್ನೂ ಹನ್ನೆರಡಕ್ಕೆ ಇಟ್ಟಿದ್ದೆ. ಸಂಜೆ ಬಂದು ನೋಡಿದರೆ ಎಡಗಡೆಯದು ಐದು ಗಂಟೆಗೆ ತಿರುಗಿ ಕೂತಿದೆ. ಅದರಾಚೆ ಅದು ತಿರುಗುವುದೇ ಇಲ್ಲ. ಅಷ್ಟಕ್ಕೆ ಇಟ್ಟರೆ ಸೊಳ್ಳೆ ಕೂತರೂ ರೆಪ್ಪೆ ಬೀಳುತ್ತದೆ. ಬಲಗಡೆಯದನ್ನು ಮುಟ್ಟಿಲ್ಲ.

ಎಡಗಡೆ ಮಾತ್ರ ಯಾಕೆ? ಕೆಡಿಸುವವರು ಎರಡನ್ನೂ ಕೆಡಿಸುತ್ತಾರೆ. ಒಂದನ್ನೇ ಕೆಡಿಸಿದರೆ ಯಂತ್ರದ ದೋಷ ಎಂದುಕೊಳ್ಳುತ್ತಾಳೆ ಅಂತ ಲೆಕ್ಕಾಚಾರವಿರಬೇಕು. ಬಹಳ ಬುದ್ಧಿವಂತರು. ತಿರುಗಿಸಿ ಹನ್ನೆರಡಕ್ಕೆ ಇಟ್ಟೆ.

ಜೂನ್ ೧೬, ಭಾನುವಾರ

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ರೀ, ನನ್ನ ತಲೆ ಮುಟ್ಟಿದ್ರಾ?"

"ನಿನ್ನ ತಲೆ ಮುಟ್ಟೋ ಧೈರ್ಯ ಯಾರಿಗಿದೆ ಮಾರಾಯ್ತಿ?"

"ಗೂಬೆ ತಲೆ!"

"ಗೂಬೆ ಮಾಡ್ತೀನಿ ಅಂದಾಗಲೇ ಅಂದ್ಕೊಂಡೆ, ಇವಳು ಇದನ್ನ ಕೊನೆಗೆ ನಮ್ಮೆಲ್ಲರ ಮೇಲೆ ಕೂರಿಸ್ತಾಳೆ ಅಂತ."

ತಮ್ಮ ಜೋಕಿಗೆ ತಾವೇ ನಕ್ಕು ನೀರು ನೆತ್ತಿಗೇರಿಸಿಕೊಂಡರು. ನಾದಿನಿಯೂ ನಕ್ಕಳೋ ಏನೋ, ಶಾಲಿನ ಒಳಗೆ ಗೊತ್ತಾಗಲಿಲ್ಲ. ಮನೆಯೊಳಗೂ ಕಣ್ಣಿನ ಕೆಳಗಿನವರೆಗೆ ಶಾಲು ಸುತ್ತಿಕೊಂಡೇ ಇರುತ್ತಾಳೆ. ಊಟ ಮಾಡುವಾಗ ಅದರೊಳಗೆ ಕೈ ತೂರಿಸುತ್ತಾಳೆ.

ಪಾಪದ್ದೇ. ಏಪ್ರಿಲ್‌ನ ಒಂದು ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರೆಲ್ಲ ಎಡಗಡೆಯಿಂದ ತಾನಾಗಿ ಸುರಿದುಹೋಯಿತಂತೆ. ಮುಖದ ನರ ಊದಿಕೊಂಡು ಎಡಭಾಗ ಪೂರ್ತಿ ಸೋತುಹೋಯಿತು. ಹುಬ್ಬು ಏಳುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ನಕ್ಕರೆ ಬಾಯಿ ಬಲಕ್ಕೆ ಓಡುತ್ತದೆ. ಅವಳೋ ಹೋಟೆಲಿನ ಮುಂದಿನ ಮೇಜಿನ ಹಿಂದೆ ನಿಂತು ಬಂದವರಿಗೆಲ್ಲ ನಗುವ ಕೆಲಸದವಳು. ಆಗಸ್ಟ್ ಮುಗಿಯುವವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದಾರೆ.

ಪಾಪ ಎಂದು ಬರೆದೆ, ಸರಿ. ಆದರೆ ಗೋಂದು ಈ ಮನೆಗೆ ಕಾಲಿಟ್ಟಿದ್ದು ಯಾರಿಂದ? ಇವಳಿಂದಲೇ. ಇಬ್ಬರೂ ಕಾಲೇಜಿನ ಗೆಳತಿಯರು. ಅದನ್ನೂ ಬರೆದಿಡುತ್ತೇನೆ.

ಜೂನ್ ೨೨, ಶನಿವಾರ

ದಿನಾ ಸಂಜೆ ನಾನು ಹನ್ನೆರಡಕ್ಕೆ ತರುವುದು, ಮರುದಿನ ಸಂಜೆ ಬಂದರೆ ಅದು ಐದಕ್ಕೆ ಹೋಗಿರುವುದು. ಇವತ್ತು ಇನ್ನೊಂದು ಸಾಕ್ಷಿ. ತಲೆಯ ಒಳಗೆ, ಎಡಗಣ್ಣು ಬರುವಲ್ಲಿ, ಬಟ್ಟೆಗೆ ಜಿಡ್ಡು. ಬೆರಳಿಗೆ ಹಚ್ಚಿ ಮೂಸಿದೆ. ಮೋಟಾರಿನ ಗ್ರೀಸಲ್ಲ, ಅಡುಗೆ ಎಣ್ಣೆಯೂ ಅಲ್ಲ. ಯಾವ ಅಂಟನ್ನು ಒರೆಸಲು ಯಾರು ಏನು ಹಾಕಿದರೋ!

ಅಷ್ಟರಲ್ಲಿ ಗೋಂದುವಿನ ಮೆಸೇಜು. ಒಂದು ವರ್ಷದ ಮೇಲೆ! 'ಈ ಸಲ ಜಿಪ್ ಯಾರೇ ಹಾಕ್ತಾರೆ?' ಅಂತೆ.

ಪ್ರಶ್ನೆ ನಿಜದ್ದೇ. ಈ ವೇಷವನ್ನು ಒಬ್ಬರೇ ಹಾಕಿಕೊಳ್ಳಲಾಗುವುದಿಲ್ಲ. ಬೆನ್ನ ಹಿಂದೆ ಸೊಂಟದಿಂದ ಕತ್ತಿನವರೆಗೆ ಜಿಪ್, ಅದರ ಮೇಲೆ ರೆಕ್ಕೆಯ ಕೊಕ್ಕೆಗಳು. ಸ್ಪರ್ಧೆಯ ದಿನ ಇವರಿಗೆ ಬಸ್ಸಿನ ಪಾಳಿ. ಆದರೆ ನಾನು ವೇಷ ಕಟ್ಟುತ್ತಿರುವುದು, ಅದಕ್ಕೆ ಹಿಂದೆ ಜಿಪ್ ಇರುವುದು ಗೋಂದುವಿಗೆ ಹೇಗೆ ಗೊತ್ತು? ಉತ್ತರ ಕೊಡಲಿಲ್ಲ.

ಜೂನ್ ೩೦, ಭಾನುವಾರ

ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಬಂದಿದ್ದರು. ನಾನು ಪಕ್ಕದ ಕೋಣೆಯಲ್ಲಿ ಗರಿ ಅಂಟಿಸುತ್ತಿದ್ದೆ. ಬಾಗಿಲು ತೆರೆದಿದ್ದರೆ ಕಿವಿಗೆ ಬಿದ್ದೇ ಬೀಳುತ್ತದೆ, ಕದ್ದು ಕೇಳಿದ್ದೇನಲ್ಲ.

"ಕನ್ನಡಿ ಮುಂದೆ ಕೂತು ಮಾಡ್ಬೇಕಮ್ಮ. ಯಾವ ಕಡೆ ಎಷ್ಟು ಎದ್ದಿತು ಅಂತ ಕಣ್ಣಿಗೆ ಕಂಡ್ರೇನೇ ಮೆದುಳಿಗೂ ತಿಳಿಯೋದು."

"ಕನ್ನಡಿ ಆಗಲ್ಲ."

"ಯಾಕಾಗಲ್ಲ?"

"ಅದರಲ್ಲಿ ಇರೋಳು ನಾನಲ್ಲ."

ಅವರು ಹೋದ ಮೇಲೆ ಅವಳ ಕೋಣೆಗೆ ಹಾಲು ಕೊಡಲು ಹೋದೆ. ಬೀರುವಿನ ಕನ್ನಡಿಗೆ ಹೊದಿಕೆ ಹೊದಿಸಿ ಪಿನ್ನು ಹೊಡೆದಿದ್ದಾಳೆ. ಬಚ್ಚಲಿನ ಕನ್ನಡಿಯನ್ನೂ ತಿರುಗಿಸಿ ನೇತುಹಾಕಿದ್ದಳು. ಇವರು ಗಡ್ಡ ಕೆರೆಯುವಾಗ ಗೋಡೆ ನೋಡಿಕೊಂಡೇ ಕೆರೆದು ಗಾಯ ಮಾಡಿಕೊಂಡರು. ಆದರೂ ತಂಗಿಗೆ ಒಂದು ಮಾತು ಆಡಲಿಲ್ಲ.

"ಮುಖಕ್ಕೆ ವ್ಯಾಯಾಮ ಮಾಡದೆ ಸರಿಹೋಗು ಅಂದ್ರೆ ಹೋಗುತ್ತೇನೇ?" ಎಂದೆ.

"ಮಾಡ್ತಿದೀನಿ ಅತ್ತಿಗೆ."

"ಎಲ್ಲಿ? ನಾನಂತೂ ಕಂಡಿಲ್ಲ."

 ಸುಳ್ಳು ಹೇಳುವವರು ಮುಖ ತಿರುಗಿಸುತ್ತಾರೆ ಎಂಬುದು ನನ್ನ ಅನುಭವ. ಇವಳು ತಿರುಗಿಸಿದಳು. ಆದರೆ ಇವಳು ಎಲ್ಲದಕ್ಕೂ ತಿರುಗಿಸುತ್ತಾಳೆ, ಹಾಗಾಗಿ ಏನೂ ತಿಳಿಯಲಿಲ್ಲ.

ಜುಲೈ ೭, ಭಾನುವಾರ

ಬಲೆ ಹಾಕಿದ್ದೇನೆ.

ಲ್ಯಾಬಿನಲ್ಲಿ ಒಂದು ನೀಲಿ ಕಾಗದವಿದೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಕಟ್ಟಿದ ಹಲ್ಲಿನ ನಡುವೆ ಇಟ್ಟು ಕಚ್ಚಿಸಿದರೆ ಎಲ್ಲಿ ತಾಗುತ್ತದೋ ಅಲ್ಲಿ ನೀಲಿ ಕೂರುತ್ತದೆ, ಎತ್ತರವಾದದ್ದನ್ನು ಉಜ್ಜಿ ತೆಗೆಯುವುದು. ಅದರ ತುಂಡುಗಳನ್ನು ಗದ್ದದ ಪಟ್ಟಿಯ ಒಳಗೆ ಅಂಟಿಸಿದೆ. ಆ ಬಣ್ಣ ಸೋಪಿಗೆ ಜಗ್ಗುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಳ್ಳ ಗದ್ದ ಮುಟ್ಟಿ ನೋಡಿಕೊಳ್ಳಲಿ.

ಜುಲೈ ೧೦, ಬುಧವಾರ

ಬೆಳಿಗ್ಗೆ ಇವರ ಬೆರಳಲ್ಲಿ ನೀಲಿ!  ಪೆನ್ನು ಸೋರಿತ್ತಂತೆ. ಜೇಬು ಪರೀಕ್ಷಿಸಿದೆ. ಪೆನ್ನು ಸೋರಿದ್ದು ನಿಜ, ಅಂಗಿಯೂ ಹಾಳು.

ಸಂಜೆ ಬಟ್ಟೆ ಒಗೆಯಲು ಹಾಕುವಾಗ ಸಿಕ್ಕಿತು. ನಾದಿನಿಯ ದಿಂಬಿನ ಚೀಲದ ಮೇಲೆ ಗದ್ದದಗಲ ನೀಲಿ ಗೆರೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಇಡೀ ದಿನ ಮನೆ ಅವಳದು. ನಾನು ವೇಷ ಕಟ್ಟುವ ಕೋಣೆಗೆ ಯಾರೂ ಕಾಲಿಡಬಾರದು ಎಂದು ಮೊದಲ ದಿನವೇ ಹೇಳಿದ್ದೆ. ನನ್ನ ಕೈಯ ಅನ್ನ ಉಂಡುಕೊಂಡು ನನ್ನ ಕೆಲಸವನ್ನು ಗೋಂದುವಿಗೆ ದಾಟಿಸುತ್ತಿದ್ದಾಳೆ. ಬೇರೆ ಏನಿರಲು ಸಾಧ್ಯ?  ಆದರೂ ಬಾಯಿಬಿಡಲಿಲ್ಲ. ಕಳ್ಳಿ ಸಿಕ್ಕರೆ ಸಾಲದು, ಮಾಲು ಎಲ್ಲಿಗೆ ಹೋಗುತ್ತಿದೆ ಎಂಬುದೂ ಸಿಗಬೇಕು.

ಜುಲೈ ೧೪, ಭಾನುವಾರ

ಇವರಿಗೆ ಹೇಳಿದೆ. ನಂಬಲಿಲ್ಲ.

"ತಲೆ ಹಾಕ್ಕೊಂಡು ನೋಡಿರಬಹುದು. ಮನೇಲಿ ಒಬ್ಬಳೇ ಇರ್ತಾಳೆ, ಬೇಜಾರು."

"ಬೇಜಾರಾದ್ರೆ ಟಿವಿ ಇಲ್ವಾ? ದಿನಾ ಎಡಗುಂಡಿ ತಿರುಗಿಸೋದು ಯಾವ ಬೇಜಾರು?"

"ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಕಣೇ."

"ಹಂಗಾದ್ರೆ ಕೇಳಿಸ್ಕೊಳ್ಳಿ. ಸ್ಪರ್ಧೆ ಮುಗಿದ ಮರುದಿನ ಅವಳು ಬೇರೆ ಕಡೆ ಇರ್ಲಿ. ಹಾಸ್ಟೆಲ್ ಇದೆ, ಬಾಡಿಗೆ ರೂಮಿದೆ."

"ಆ ಮುಖ ಇಟ್ಕೊಂಡು ಎಲ್ಲಿಗೆ ಹೋಗ್ತಾಳೆ?" ಎಂದರು.  ನನ್ನ ಮಾತು ನನ್ನದೇ. ಹಿಂದೆ ತೆಗೆದುಕೊಂಡಿಲ್ಲ.

ಜುಲೈ ೨೩, ಮಂಗಳವಾರ

ಕಳ್ಳಿಗೂ ಸುಸ್ತಾಗುತ್ತಿದೆ. ಈಗ ಎಡಗುಂಡಿ ಐದಕ್ಕೆ ಹೋಗುತ್ತಿಲ್ಲ. ಮೊನ್ನೆ ನಾಲ್ಕಕ್ಕಿತ್ತು, ಇವತ್ತು ಮೂರಕ್ಕಿಂತ ಸ್ವಲ್ಪ ಆಚೆ. ಪೂರ್ತಿ ತಿರುಗಿಸಿದರೆ ಸಿಕ್ಕಿಬೀಳುತ್ತೇನೆಂದು ಭಯ ಬಂದಿರಬೇಕು. ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬಂದರೆ ನನಗೆ ಗೊತ್ತಾಗುವುದಿಲ್ಲ ಎಂಬ ಲೆಕ್ಕ.

ಬಲರೆಕ್ಕೆಯ ಮೋಟಾರು ಕಿರ್ರೆನ್ನುತ್ತಿದ್ದುದು ನಿಂತಿತು. ಅದೊಂದು ಸಮಾಧಾನ.

ಜುಲೈ ೩೧, ಬುಧವಾರ

ಎಡಗುಂಡಿ ಎರಡು ಗಂಟೆಗೆ ಇಳಿದಿದೆ.

ಸಂಜೆ ಚಹಾ ಕುಡಿಯುವಾಗ ನಾದಿನಿ ಇವತ್ತು ಕೈಯಿಂದ ತುಟಿ ಹಿಡಿದುಕೊಳ್ಳಲಿಲ್ಲ. ಮೇಜಿನ ಮೇಲೆ ಸುರಿಸಲೂ ಇಲ್ಲ. ನನಗೆ ಒರೆಸುವ ಕೆಲಸ ತಪ್ಪಿತು. ಒಳಗೊಳಗೇ ಏನೋ ಗುನುಗಿಕೊಳ್ಳುತ್ತಿದ್ದಳು. ಇಷ್ಟು ಖುಷಿ ಯಾಕೆ? ಹಾಲು ಕುಡಿದ ಬೆಕ್ಕಿನ ಹಾಗೆ ಇದ್ದಾಳೆ.

ಆಗಸ್ಟ್ ೪, ಭಾನುವಾರ

ಗೋಂದು ತನ್ನ ಹೊಸ ವೇಷದ ಫೋಟೋ ಹಾಕಿದ್ದಾಳೆ. ಅದೇನೋ ಕೊಂಬಿನ ಪ್ರಾಣಿ. ಅದರ ಕಣ್ಣಿಗೆ ರೆಪ್ಪೆ ಇದೆ!

ಇನ್ನೇನು ಬೇಕು ಪುರಾವೆ? ಸಿಟ್ಟಿನ ಭರಕ್ಕೆ ಒಂದು ಕಿವಿಯ ಗರಿ ಕಿತ್ತೇ ಹೋಯಿತು. ಆಮೇಲೆ ಸಮಾಧಾನವಾಗಿ ಕೂತು ಯೋಚಿಸಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಡಸೆನ್ಸರಿನ ತಂತಿಯನ್ನು ಒಳಗಿನಿಂದ ಕಿತ್ತು, ಕಿತ್ತದ್ದು ಕಾಣದ ಹಾಗೆ ಮೆತ್ತೆಯ ಹಿಂದೆ ಮಡಚಿಟ್ಟೆ. ಈಗ ಎಷ್ಟೇ ಗುಂಡಿ ತಿರುಗಿಸಿದರೂ ಎಡರೆಪ್ಪೆ ಅಲುಗುವುದಿಲ್ಲ. ಹೋಗಿ ಹೇಳಿಕೊಳ್ಳಲಿ ಗೆಳತಿಗೆ, ಅತ್ತಿಗೆಯ ಯಂತ್ರ ಕೆಲಸ ಮಾಡುವುದಿಲ್ಲ ಅಂತ.

ಆಗಸ್ಟ್ ೫, ಸೋಮವಾರ

ಎಡಗುಂಡಿ ಐದು ಗಂಟೆಗೆ ಒತ್ತಿ ತಿರುಗಿಸಿ, ಅದರಾಚೆಗೂ ತಿರುಗಿಸಲು ನೋಡಿದ್ದಾಳೆ. ಗುಂಡಿಯ ಅಂಚು ಸೀಳಿದೆ.

ಗೆದ್ದೆ.

ಆಗಸ್ಟ್ ೭, ಬುಧವಾರ

ಗುಂಡಿ ಮುಟ್ಟಿಲ್ಲ. ಪಟ್ಟಿ ನನ್ನ ತೂತಿನಲ್ಲೇ ಇದೆ. ಇಷ್ಟು ದಿನದಲ್ಲಿ ಮೊದಲ ಸಲ ನೆಮ್ಮದಿಯಾಗಿ ಕೆಲಸ ಮಾಡಿದೆ.

ಆಗಸ್ಟ್ ೯, ಶುಕ್ರವಾರ

ನಾದಿನಿ ಹಾಸಿಗೆ ಬಿಟ್ಟು ಎದ್ದಿಲ್ಲ. ಊಟವಿಲ್ಲ, ಜ್ವರವೂ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಫಿಸಿಯೋಥೆರಪಿಸ್ಟ್ ಬಂದರೆ ಬಾಗಿಲಿನಿಂದಲೇ ವಾಪಸ್ ಕಳಿಸಿದಳಂತೆ. ಹೋಟೆಲಿನವರಿಗೆ ಫೋನು ಮಾಡಿ, ನನಗಾಗಿ ಕಾಯಬೇಡಿ, ಬೇರೆಯವರನ್ನು ಇಟ್ಟುಕೊಳ್ಳಿ ಎಂದಳಂತೆ. ಇವರು ಹೇಳಿದ್ದು.

ನನ್ನ ಕೆಲಸವೇನೋ ಸುರಳೀತ ನಡೆದಿದೆ. ಆದರೂ ಇವತ್ತು ಅಂಟು ಒಣಗುವುದನ್ನೇ ನೋಡುತ್ತ ಕೂತುಬಿಟ್ಟೆ. ಏನೋ ಹೊಂದುತ್ತಿಲ್ಲ. ಗೂಢಚಾರಿಗೆ ಯಂತ್ರ ಕೆಟ್ಟರೆ ಖುಷಿಯಾಗಬೇಕು. ಇವಳು ಯಾಕೆ ಊಟ ಬಿಟ್ಟಳು?

ಆಗಸ್ಟ್ ೧೧, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಉಳಿದದ್ದನ್ನೆಲ್ಲ ಬರೆದಿಲ್ಲವೇ?

ಮಧ್ಯಾಹ್ನ ಇವರು ಪಾಳಿಗೆ ಹೊರಡುತ್ತ ಹೇಳಿದರು: "ಅವಳು ಮಲಗೋ ಮುಂಚೆ ಕಣ್ಣಿಗೆ ಮುಲಾಮು ಹಾಕು. ಈಗೀಗ ತಾನೇ ಹಾಕ್ಕೊಳ್ತಿಲ್ಲ. ಕಣ್ಣು ಮುಚ್ಚದಿದ್ರೆ ಒಣಗಿ ಹುಣ್ಣಾಗತ್ತಂತೆ." ಇಷ್ಟು ದಿನ ಅದನ್ನು ಅವಳೋ, ಇಲ್ಲ ಅವಳಣ್ಣನೋ ಹಾಕುತ್ತಿದ್ದರು. ನಾನು ಒಂದು ದಿನವೂ ಹಾಕಿದವಳಲ್ಲ.

ಹೋದೆ. ಅಂಗಾತ ಮಲಗಿದಳು, ಶಾಲು ಸರಿಸಲೂ ಅಡ್ಡಿ ಮಾಡಲಿಲ್ಲ, ನನ್ನನ್ನು ನೋಡಲೂ ಇಲ್ಲ. ಟ್ಯೂಬು ಹಿಂಡಿ ಎಡಗಣ್ಣಿನ ಕೆಳಗೆ ಹಚ್ಚಿದೆ. ನನ್ನ ಬೆರಳಿಗೂ ಮೆತ್ತಿಕೊಂಡಿತು. ಒರೆಸಿಕೊಳ್ಳಲು ಹೋದವಳು ಹಾಗೇ ನಿಂತೆ. ಆ ಜಿಡ್ಡು, ಆ ವಾಸನೆ ನನಗೆ ಗೊತ್ತಿತ್ತು. ಗೂಬೆಯ ತಲೆಯೊಳಗೆ, ಎಡಗಣ್ಣು ಬರುವಲ್ಲಿ.

ಎಡಗಣ್ಣು. ಎಡಗುಂಡಿ. ಐದು ಗಂಟೆ, ನಾಲ್ಕು, ಮೂರು, ಎರಡು.

ಅಯ್ಯೋ ದೇವರೇ! ಅವಳು ಕೆಡಿಸುತ್ತಿರಲಿಲ್ಲ. ಸತ್ತಂತಿದ್ದ ಕೆನ್ನೆ ಇಷ್ಟೇ ಇಷ್ಟು ಕದಲಿದರೂ ರೆಪ್ಪೆ ಬೀಳಲಿ ಎಂದು ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಿದ್ದಳು. ಕೆನ್ನೆಗೆ ಬಲ ಬಂದಹಾಗೆಲ್ಲ ತಾನೇ ಕಡಿಮೆ ಮಾಡುತ್ತ ಬಂದಳು. ವೇಷದ ಕೋಣೆಯಲ್ಲಿ ನನ್ನ ನಿಲುಗನ್ನಡಿ ಇದೆ. ತಲೆ ಹಾಕಿಕೊಂಡು ಅದರ ಮುಂದೆ ಕೂತರೆ ಕಾಣುವುದು ಅವಳ ಮುಖವಲ್ಲ, ಗೂಬೆಯದು. ಅದನ್ನು ನೋಡಲು ಅವಳಿಗೆ ಹೆದರಿಕೆ ಇರಲಿಲ್ಲ. ಆಮೇಲೆ ಒಂದು ದಿನ ಎಡರೆಪ್ಪೆ ಬೀಳಲೇ ಇಲ್ಲ. ಎಷ್ಟು ತಿರುಗಿಸಿದರೂ. ಗುಂಡಿ ಸೀಳುವವರೆಗೆ ತಿರುಗಿಸಿದಳು, ನಾನು ಅದನ್ನು ನೋಡಿ 'ಗೆದ್ದೆ' ಎಂದು ಬರೆದೆ.

ಹಾಸಿಗೆಯ ಅಂಚಿನಲ್ಲಿ ಕೂತೆ. 

"ತಂತಿ ಕಿತ್ತಿದ್ದು ನಾನು ಕಣೇ," ಎಂದೆ.

ಅವಳು ಅಲುಗಲಿಲ್ಲ.

"ಗೂಬೆಯ ಎಡಗಡೆ ತಂತಿ. ಹೋದ ಭಾನುವಾರ ನಾನೇ ಕಿತ್ತೆ. ನೀನು ಗೋಂದುಗೆ ಹೇಳ್ತಿದೀಯ ಅಂದ್ಕೊಂಡೆ. ಕೆಟ್ಟಿದ್ದು ಯಂತ್ರ, ನಿನ್ನ ಮುಖ ಅಲ್ಲ."

ನಿಧಾನವಾಗಿ ಎದ್ದು ಕೂತಳು. "ಏನಂದ್ರಿ?"

ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟ.

"ಒಂದು ವಾರ ಅತ್ತಿದೀನಿ ಅತ್ತಿಗೆ. ಮತ್ತೆ ಹೋಯ್ತು, ಇನ್ನು ಬರಲ್ಲ ಅಂತ. ಕೆಲಸ ಬಿಟ್ಟೆ. ಒಂದು ತಂತಿಗೆ? ಬಾಯಿ ಬಿಟ್ಟು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನೀನೂ ಬಾಯಿ ಬಿಟ್ಟು ಕೇಳಬಹುದಿತ್ತಲ್ಲ, ಕೊಡಿ ಅಂತ!"

"ಕೋಣೆ ಬಾಗಿಲಿಗೆ ಕಾಲಿಡಬೇಡ ಅಂದೋರ ಹತ್ರ?"

 ಅವಳು ಎದ್ದು ಬೀರುವಿನ ಹತ್ತಿರ ಹೋಗಿ ಹೊದಿಕೆಯನ್ನು ಒಂದೇ ಏಟಿಗೆ ಎಳೆದಳು. ಪಿನ್ನುಗಳು ನೆಲದ ಮೇಲೆಲ್ಲ ಚೆಲ್ಲಿದವು. ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕಣ್ಣು ಬಿಗಿಹಿಡಿದಳು. ನನಗೆ ಕಂಡಿದ್ದು ಬೆನ್ನು ಮಾತ್ರ. ತುಂಬ ಹೊತ್ತು ನಿಂತಿದ್ದಳು.

"ಕೆನ್ನೆ ಏಳ್ತಿದೆ," ಎಂದಳು, ನನಗಲ್ಲ. ಆಮೇಲೆ ತಿರುಗದೆಯೇ, "ಹೊರಗೆ ಹೋಗಿ ಅತ್ತಿಗೆ."

ಹೊರಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇಷ್ಟು ಕೆಟ್ಟ ಹೆಂಗಸು ನಾನಾಗಿರಲಿಲ್ಲ.

ಆಗಸ್ಟ್ ೧೨, ಸೋಮವಾರ

ಮಾತಿಲ್ಲ. ಊಟ ಮಾಡಿದಳು, ಅಷ್ಟೇ ಸಾಕು. ಇವರು ಹೋಟೆಲಿನವರಿಗೆ ಫೋನು ಮಾಡಿದರು; ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವಂತೆ.

ತಂತಿ ಬೆಸೆದೆ. ಹೊಸ ಗುಂ‍ಡಿ ಹಾಕಿದೆ.

ಆಗಸ್ಟ್ ೧೭, ಶನಿವಾರ

ತಲೆಯನ್ನೂ ನಿಲುಗನ್ನಡಿಯನ್ನೂ ಅವಳ ಕೋಣೆಯಲ್ಲೇ ಇಟ್ಟಿದ್ದೇನೆ. ಅವಳು ಮೂರು ದಿನದಿಂದ ಮುಟ್ಟಿಲ್ಲ. ಬ್ಯಾಟರಿ ದಿನಾ ಚಾರ್ಜ್ ಮಾಡಿ ಇಡುತ್ತಿದ್ದೇನೆ, ಉಪಯೋಗಿಸದೆ ಬಿಟ್ಟರೆ ಹಾಳಾಗುತ್ತದೆ ಎಂದು.

ಸಮಯ ಉಳಿದಿತ್ತು, ಎಡಗಡೆಯ ಮೆತ್ತೆ ತೆಗೆದು ಇನ್ನೂ ಮೃದುವಾದ ಸ್ಪಂಜು ಹಾಕಿದೆ. ಒಳಬಟ್ಟೆಗೆ ಮುಲಾಮು ಅಂಟದ ರೆಕ್ಸಿನ್ನಿನ ತುಂಡು. ಪಟ್ಟಿಯಲ್ಲಿ ಆ ಹಿಂದಿನ ತೂತಿಗೆ ಹಿತ್ತಾಳೆ ಉಂಗುರ ಕೂರಿಸಿದೆ, ಹರಿಯದಿರಲಿ ಅಂತ.

ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇದನ್ನ ಹಾಕ್ಕೊಳ್ಳೋದು ನೀನಲ್ವಾ?"

"ನಾನೇ. ಮತ್ತಿನ್ಯಾರು?"

"ಅಲ್ಲ, ನಿನ್ನ ಮುಖ ಯಾವಾಗ ಸಣ್ಣಗಾಯ್ತು ಅಂತ ಕೇಳ್ದೆ."

ಇವರಿಗೆ ಮಾಡಲು ಬೇರೆ ಕೆಲಸವಿಲ್ಲ.

ಆಗಸ್ಟ್ ೨೧, ಬುಧವಾರ

ಎಡಗುಂಡಿ ಒಂದು ಗಂಟೆಯಲ್ಲಿದೆ!

 ಗುಂಡಿ ತಿರುಗಿದ್ದಕ್ಕೆ ಇಷ್ಟು ಖುಷಿಪಡುತ್ತೇನೆಂದು ಜೂನ್‌ನಲ್ಲಿ ಯಾರಾದರೂ ಹೇಳಿದ್ದರೆ ಅವರ ಮೇಲೂ ಅನುಮಾನಪಡುತ್ತಿದ್ದೆ. ಅಡುಗೆಮನೆಗೆ ಹೋದರೆ ನಾದಿನಿ ಶಾಲಿಲ್ಲದೆ ತಟ್ಟೆ ಒರೆಸುತ್ತ ನಿಂತಿದ್ದಳು.

"ಭಾನುವಾರ ಜಿಪ್ ಯಾರು ಹಾಕ್ತಾರೆ?" ಎಂದಳು, ತಟ್ಟೆಗೆ.

"ಯಾರಾದ್ರೂ ಸಿಗ್ತಾರೆ."

"ಯಾರ್ಯಾರೋ ಎಳೆದು ರೆಕ್ಕೆ ಮುರೀತಾರೆ. ನಾನು ಬರ್ತೀನಿ." ಆಮೇಲೆ, "ಜಿಪ್ ವಿಷಯ ಗೋಂದುಗೆ ಹೇಳಿದ್ದು ನಾನೇ. ಅತ್ತಿಗೆಗೆ ಒಬ್ಬರು ಬೇಕಾಗ್ತಾರೆ, ನೀನೇ ಮಾತಾಡ್ಸು ಅಂತ. ರೆಪ್ಪೆ ಸುದ್ದಿ ಹೇಳಿಲ್ಲ. ನಂಬೋದಾದ್ರೆ ನಂಬಿ."

"ನಂಬಿದೆ," ಎಂದೆ. ತಟ್ಟೆಗಳನ್ನು ನಾನು ಜೋಡಿಸಿದೆ.

ಆಗಸ್ಟ್ ೨೫, ಭಾನುವಾರ

ಜನವೋ ಜನ. ನಾದಿನಿ ಶಾಲು ತರಲಿಲ್ಲ. ಬಸ್ಸಿನಲ್ಲಿ ಒಬ್ಬ ಹೆಂಗಸು ಅವಳ ಬಾಯಿಯನ್ನೇ ನೋಡುತ್ತಿದ್ದಳು; ನಾನು ಆ ಹೆಂಗಸನ್ನೇ ನೋಡಿದೆ, ಆಮೇಲೆ ಅವಳು ಕಿಟಕಿ ನೋಡಿದಳು.

ವೇದಿಕೆಯ ಹಿಂದೆ ಜಿಪ್ ಹಾಕಿದಳು, ರೆಕ್ಕೆಯ ಕೊಕ್ಕೆ ಸಿಕ್ಕಿಸಿದಳು. ಒಂದು ಕೊಕ್ಕೆ ಬೀಳದೆ ಹಟ ಹಿಡಿಯಿತು. ಆಗ ಹಿಂದಿನಿಂದ ಅಂಟು ಮೆತ್ತಿದ ಬೆರಳೊಂದು ಬಂದು ಅದನ್ನು ಟಕ್ಕೆಂದು ಕೂರಿಸಿತು. ಯಾರೆಂದು ಕೇಳಲಿಲ್ಲ. ಕೊನೆಗೆ ತಲೆ. ಒಳಗೆ ಕತ್ತಲು, ಕೊಕ್ಕಿನ ಕೆಳಗಿನ ಬಲೆಯಿಂದ ನಾದಿನಿಯ ಮುಖವಷ್ಟೇ ಕಾಣುತ್ತಿತ್ತು.

"ಕಣ್ಣು ಮುಚ್ಚಿ ಅತ್ತಿಗೆ. ಅಯ್ಯೋ, ಎಡಗಣ್ಣು ಮೊದಲೇ ಬಿದ್ದುಬಿಡ್ತಿದೆ. ಗುಂಡಿ ನನ್ನ ಲೆಕ್ಕದಲ್ಲೇ ಇದೆಯಲ್ಲ! ತಿರುಗಿಸ್ಲಾ?"

"ಬೇಡ. ಹಾಗೇ ಇರ್ಲಿ."

"ಹಂಗಾದ್ರೆ ಎಡಗಡೆ ಮೆತ್ತಗೆ ಹಿಡೀಬೇಕು, ಬಲಗಡೆ ಜೋರಾಗಿ. ಇಲ್ಲಿ ನೋಡಿ, ಹೀಗೆ."

ಅಷ್ಟು ಜನರ ನಡುವೆ, ಅಷ್ಟು ದೀಪಗಳ ಕೆಳಗೆ, ಅವಳು ಎರಡೂ ಕಣ್ಣು ಮುಚ್ಚಿದಳು. ಬಲದ್ದು ಬೇಗ. ಎಡದ್ದು ತಡೆದು ತಡೆದು ಇಳಿದು, ಬಿಳಿ ಕಾಣದ ಹಾಗೆ ಪೂರ್ತಿ ಮುಚ್ಚಿತು. ಏಪ್ರಿಲ್‌ನಿಂದ ಮುಚ್ಚದೇ ಇದ್ದ ಕಣ್ಣು. ಮುಚ್ಚಿಕೊಂಡೇ ನಿಂತಿದ್ದಳು, ನನಗೆ ಚೆನ್ನಾಗಿ ಕಾಣಲಿ ಎಂದು.

ನಾನು ಅಳಲು ಶುರುಮಾಡಿದೆ. ಏನೇನೋ ಲೆಕ್ಕಹಾಕಿದ್ದೆ, ಒಳಗಿರುವವರು ಅತ್ತರೆ ಏನಾಗುತ್ತದೆಂದು ಮಾತ್ರ ಯೋಚಿಸಿರಲಿಲ್ಲ. ಕೆನ್ನೆ ನಡುಗಿದ ಹಾಗೆಲ್ಲ ಗೂಬೆಯ ರೆಪ್ಪೆಗಳು ಪಟಪಟನೆ ಬಡಿದುಕೊಂಡವು. ಅತ್ತ ಕಡೆಯಿಂದ ಗೋಂದುವಿನ ದನಿ: "ಅಬ್ಬಾ! ಅಳೋದನ್ನೂ ಮಾಡಿಸಿದೀಯಲ್ಲೇ! ಅದಕ್ಕೆ ಯಾವ ಸೆನ್ಸರ್ ಹಾಕಿದೆ?"

"ಹೇಳಲ್ಲ ಹೋಗೆ," ಎಂದೆ ಒಳಗಿನಿಂದ. ಒಂದು ವರ್ಷದ ಮೇಲೆ ಆಡಿದ ಮೊದಲ ಮಾತು.

ಮೂರನೆಯ ಬಹುಮಾನ. ಕಣ್ಣುಗಳು ಒಟ್ಟಿಗೆ ಮುಚ್ಚುವುದಿಲ್ಲ ಎಂದು ಅಂಕ ಕಳೆದರಂತೆ. ಆ ಗಡ್ಡದ ತೀರ್ಪುಗಾರನ ಮೇಲೆ ನನಗೆ ಅನುಮಾನವಿದೆ, ಆ ಮಾತು ಬೇರೆ.

ಮನೆಗೆ ಬಂದು ತಲೆಯನ್ನು ಅವಳ ಕೋಣೆಯಲ್ಲೇ ಇಟ್ಟೆವು. ಹೋಟೆಲಿಗೆ ಹೋಗುವ ಮೊದಲು ಇನ್ನೂ ಅಭ್ಯಾಸ ಬೇಕಂತೆ, ಇಲ್ಲಿಂದಲೇ ಹೋಗಿಬರುತ್ತಾಳೆ. ಹಾಸ್ಟೆಲಿನ ಮಾತು ನಾನು ಎತ್ತಲಿಲ್ಲ, ಇವರೂ ನೆನಪಿಸಲಿಲ್ಲ.

ಒಂದು ಅನುಮಾನ ಮಾತ್ರ ಉಳಿದುಬಿಟ್ಟಿತ್ತು. ಅವಳು ಅಲ್ಲಿ ಕಣ್ಣು ಮುಚ್ಚಿ ತೋರಿಸಿದ್ದು ನನಗೆ ಕಲಿಸಲಿಕ್ಕೋ, ಇಲ್ಲ ತನ್ನ ಕಣ್ಣು ಮುಚ್ಚುತ್ತದೆಂದು ನನಗೆ ತೋರಿಸಲಿಕ್ಕೋ? ಈ ಸಲ ಬಾಯಿ ಬಿಟ್ಟು ಕೇಳಿದೆ. ಅವಳು ನನ್ನನ್ನೇ ನೋಡುತ್ತ ಒಂದೇ ಕಣ್ಣು ಮಿಟುಕಿಸಿದಳು. ಎಡಗಣ್ಣು.